ಎರಡನೇ ಸಲ ಯಾರೂ ಕೇಳಲಿಲ್ಲ

ನಮ್ಮ ರಾಮನಗರದ ಗೂಡಿನ ಮಾರ್ಕೆಟ್‌ನಲ್ಲಿ ಮೊದಲ ಬೆಲೆಗೆ ತಲೆಯಾಡಿಸಿದ ರೈತನನ್ನು ನಾನು ಇವತ್ತಿನವರೆಗೆ ನೋಡಿಲ್ಲ. ರೇಷ್ಮೆಗೂಡಿನ ರಾಶಿ ಸುರಿದುಕೊಂಡು ಅವನು ನಿಂತಿರುತ್ತಾನೆ. ನೂಲು ತೆಗೆಸುವ ರೀಲರುಗಳು ಬಂದು ರಾಶಿಯೊಳಗೆ ಕೈ ಹಾಕಿ, ಒಂದು ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಹಾಗಲಕಾಯಿ ಕಚ್ಚಿದವರಂತೆ ಮುಖ ಮಾಡಿ ಒಂದು ಬೆಲೆ ಕೂಗುತ್ತಾರೆ. ರೈತ ಆಕಾಶ ನೋಡುತ್ತಾನೆ. ಬೆಲೆ ಚೆನ್ನಾಗಿದ್ದರೂ ಆಕಾಶವನ್ನೇ ನೋಡುತ್ತಾನೆ. ಎರಡನೇ ಸುತ್ತಿನ ಹರಾಜು ಇದ್ದೇ ಇದೆ. ಮೊದಲ ಸುತ್ತಿಗೇ ಒಪ್ಪಿಕೊಂಡರೆ ಕೊಟ್ಟವನಿಗೂ ನೆಮ್ಮದಿಯಿಲ್ಲ, ಕೊಂಡವನಿಗೂ ಇಲ್ಲ. ಕಡಿಮೆಗೆ ಕೊಟ್ಟುಬಿಟ್ಟೆನಲ್ಲ ಅಂತ ಒಬ್ಬನಿಗೆ, ಗೂಡಿನಲ್ಲಿ ಏನು ಕೆಟ್ಟಿದೆಯೋ ಅಂತ ಇನ್ನೊಬ್ಬನಿಗೆ.

ನಮ್ಮ ಮನೆಗಳಲ್ಲೂ ಅದೇ ರಿವಾಜು. "ಕಾಪಿ ಕುಡೀರಿ" ಅಂದರೆ "ಬ್ಯಾಡಿ, ಈಗ್ತಾನೆ ಆಯ್ತು" ಅನ್ನಬೇಕು. ಬೆಳಿಗ್ಗೆಯಿಂದ ತೊಟ್ಟು ನೀರು ಕುಡಿದಿರದಿದ್ದರೂ ಹಾಗೇ ಅನ್ನಬೇಕು. ಎರಡನೇ ಸಲ ಕೇಳಿದಾಗ "ಯಾಕ್ ಸುಮ್ನೆ ತೊಂದ್ರೆ" ಅನ್ನಬೇಕು. ಮೂರನೇ ಸಲಕ್ಕೆ "ಆಯ್ತು, ಒಸೀನೆ ಕೊಡಿ" ಅಂದು ಲೋಟ ತುಂಬ ಕುಡಿಯಬೇಕು. ಕೇಳಿದ ತಕ್ಷಣ ಕೈ ಚಾಚಿದವನನ್ನು ನಮ್ಮವ್ವ "ಬರಗೆಟ್ಟೋನು" ಅನ್ನುತ್ತಿದ್ದಳು. ಒಂದೇ ಸಲ ಕೇಳಿ ಸುಮ್ಮನಾದವರ ಬಗ್ಗೆ ಇನ್ನೂ ಕೆಟ್ಟದಾಗಿ ಹೇಳುತ್ತಿದ್ದಳು.

ಇವತ್ತು ನಾನು ರೇಷ್ಮೆ ನೂಲಿನ ವ್ಯಾಪಾರಿ. ಚೌಕಾಸಿಗೆ ಕೂತರೆ ಎದುರಿಗಿದ್ದವನು ಒಂದು ಸಲ ಬೆವರು ಒರೆಸಿಕೊಂಡೇ ಏಳುತ್ತಾನೆ. ಯಾರ ಆಸ್ತಿಯನ್ನೂ ಮುಟ್ಟದೆ, ಯಾರ ಕಾಲನ್ನೂ ಹಿಡಿಯದೆ ಇಲ್ಲಿಗೆ ಬಂದೆ. ಆದರೆ ಮೊದಲ ಮಾತಿಗೆ ಒಪ್ಪಬಾರದು ಅನ್ನುವ ಈ ರಿವಾಜು ಒಂದು ಭಾನುವಾರ ಚನ್ನಪಟ್ಟಣದಲ್ಲಿ, ಚೆಸ್ ಬೋರ್ಡಿನ ಮುಂದೆ, ನನ್ನನ್ನು ಹೇಗೆ ಹಿಂಡಿ ಹಾಕಿತು ಅನ್ನುವುದನ್ನು ನನ್ನ ಹತ್ತಿರ ಬುದ್ಧಿ ಕೇಳಲು ಬರುವ ಹುಡುಗರಿಗೆ ನಾನು ಹೇಳುವುದಿಲ್ಲ. ಬಾಯಲ್ಲಿ ಹೇಳಲಾಗದ್ದನ್ನು ಬರೆಯಬಹುದು ಅಂತ ಕೂತಿದ್ದೇನೆ.

ಆಗ ನಾನು ನನ್ನ ಸೋದರಮಾವನ ಶೆಡ್ಡಿನಲ್ಲಿ ನೂಲು ತೆಗೆಯುತ್ತಿದ್ದೆ. ಆ ಕೆಲಸ ನೋಡಿಲ್ಲದವರಿಗೆ ಹೇಳುತ್ತೇನೆ. ಬೇಯಿಸಿದ ಗೂಡುಗಳು ಬಿಸಿನೀರಿನ ಬೇಸಿನ್‌ನಲ್ಲಿ ತೇಲುತ್ತಿರುತ್ತವೆ. ಒಂದೊಂದು ಗೂಡಿನ ಎಳೆಯ ತುದಿಯನ್ನು ಬೆರಳಿನಲ್ಲಿ ಹುಡುಕಿ, ಕೆಲವು ಎಳೆ ಸೇರಿಸಿ ಮೇಲೆ ತಿರುಗುವ ರಾಟೆಗೆ ಕೊಡುತ್ತಿರಬೇಕು. ಎಳೆ ಕಡಿದರೆ ಮತ್ತೆ ಬಿಸಿನೀರಿಗೆ ಕೈ. ಬೆಳಗಿನಿಂದ ಸಂಜೆಯವರೆಗೆ ಕೈ ನೀರಿನಲ್ಲೇ. ಬೆರಳ ತುದಿಗಳು ಬೆಳ್ಳಗೆ ಊದಿ, ಚರ್ಮ ಸುಲಿದು, ಸಂಜೆ ಊಟಕ್ಕೆ ಕೂತರೆ ಸಾರಿನ ಖಾರ ಬೆರಳಿಗೆ ಮೊದಲು ತಾಗುತ್ತಿತ್ತು, ನಾಲಿಗೆಗೆ ಆಮೇಲೆ. ಸತ್ತ ಹುಳದ ವಾಸನೆ ಎಷ್ಟು ಸೋಪು ಹಚ್ಚಿದರೂ ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು ಮೆಲ್ಲಗೆ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದರು.

ಚೆಸ್ ಕಲಿತದ್ದು ಮಾರ್ಕೆಟ್ ಹಿಂದಿನ ಟೀ ಅಂಗಡಿಯಲ್ಲಿ. ಹರಾಜು ಶುರುವಾಗುವವರೆಗೆ ರೀಲರುಗಳು ಅಲ್ಲಿ ಆಡುತ್ತಿದ್ದರು. ಅವರನ್ನೆಲ್ಲ ಸೋಲಿಸಿ, ಆಮೇಲೆ ಊರವರನ್ನು ಸೋಲಿಸಿ, ಭಾನುವಾರಗಳಂದು ಬೆಂಗಳೂರಿಗೆ ಹೋಗಿ ದೊಡ್ಡ ಪಂದ್ಯಗಳಲ್ಲಿ ಆಡಿ, ಹೆಸರಿದ್ದವರನ್ನು ಕೆಲವು ಸಲ ಕೆಡವಿ ಬಂದಿದ್ದೆ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ನನಗೆ ಸರಿಸಮಾನ ಅಂದರೆ ಒಬ್ಬನೇ. ಮಾಗಡಿ ತಾಲ್ಲೂಕಿನ ಕುದೂರಿನವನು. ಅಲ್ಲಿನ ಸಹಕಾರ ಸಂಘವೊಂದರಲ್ಲಿ ಗುಮಾಸ್ತ, ಮನೆಯಲ್ಲಿ ಜಮೀನು. ಒಳ್ಳೆಯವನೇ. ನಾವಿಬ್ಬರೂ ಏನ್ಲಾ, ಬಾರ್ಲಾ ಅನ್ನುವಷ್ಟು ಹಳಬರು. ಅವನು ಬಿಳಿಯಲ್ಲಿ ಆಡಿದರೆ ಅವನು ಗೆಲ್ಲುತ್ತಿದ್ದ, ನಾನು ಬಿಳಿಯಲ್ಲಿ ಆಡಿದರೆ ನಾನು.

ಆ ವರ್ಷ ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆ ಆಟಗಾರರಿಗೆ ಕೆಲಸ ಕೊಡುತ್ತದೆ ಅಂತ ಸುದ್ದಿ ಬಂತು. ಚೆಸ್ ಆಡುವವರಿಗೂ ಜಾಗ ಇತ್ತು. ಷರತ್ತು ಎರಡು: ರಾಜ್ಯ ಮಟ್ಟದ ಪಂದ್ಯದಲ್ಲಿ ಆಡಿರಬೇಕು, ವಯಸ್ಸು ಮೀರಿರಬಾರದು. ನನಗೆ ಆ ಯುಗಾದಿ ದಾಟಿದರೆ ವಯಸ್ಸು ಮೀರುತ್ತಿತ್ತು. ರಾಜ್ಯ ಮಟ್ಟಕ್ಕೆ ನಮ್ಮ ಕಡೆಯಿಂದ ಇಬ್ಬರನ್ನು ಕಳಿಸುತ್ತಿದ್ದರು. ಅದಕ್ಕೆ ಆಯ್ಕೆ ಪಂದ್ಯ ಚನ್ನಪಟ್ಟಣದ ಒಂದು ಹೈಸ್ಕೂಲಿನಲ್ಲಿ. ನನ್ನ ಲೆಕ್ಕ ಸರಳವಾಗಿತ್ತು. ಆ ಇಬ್ಬರಲ್ಲಿ ಒಬ್ಬನಾದರೆ ಕೈ ನೀರಿನಿಂದ ಆಚೆ ಬರುತ್ತದೆ. ಇಲ್ಲದಿದ್ದರೆ ಬರುವುದಿಲ್ಲ. ಓದು ಏಳನೇ ಕ್ಲಾಸು. ಬೇರೆ ಬಾಗಿಲು ಇರಲಿಲ್ಲ.

ಕೊನೆಯ ಸುತ್ತಿಗೆ ಬರುವಷ್ಟರಲ್ಲಿ ನಾನೂ ಕುದೂರಿನವನೂ ಸಮಸಮ, ಎಲ್ಲರಿಗಿಂತ ಮುಂದೆ. ನಮ್ಮ ಹಿಂದೆಯೇ ಕನಕಪುರದ ಒಬ್ಬ. ಭಾನುವಾರ ಬೆಳಗಿನ ಆ ಕೊನೆಯ ಆಟ ನಮ್ಮಿಬ್ಬರ ನಡುವೆಯೇ ಬಿತ್ತು. ಡ್ರಾ ಆದರೆ ಇಬ್ಬರೂ ರಾಜ್ಯ ಮಟ್ಟಕ್ಕೆ. ಯಾರಾದರೂ ಸೋತರೆ ಸೋತವನು ಮನೆಗೆ, ಅವನ ಜಾಗಕ್ಕೆ ಕನಕಪುರದವನು. ಇದು ಬೋರ್ಡಿನ ಮುಂದೆ ಕೂರುವ ಮೊದಲೇ ಶಾಲೆಯ ಹಾಲ್‌ನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮಾವ ನನ್ನ ಜೊತೆ ಬಂದಿದ್ದ. ಆಟ ನೋಡಲಿಕ್ಕಲ್ಲ. ಅವನಿಗೆ ಚೆಸ್ಸಿನಲ್ಲಿ ಕುದುರೆ ಯಾವುದು ಅನ್ನುವುದೂ ಗೊತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಗೂಡಿನ ದೊಡ್ಡ ಲಾಟು ಬೇಯಿಸುವುದಿತ್ತು, ಆಳು, ಅಂದರೆ ನಾನು, ತಪ್ಪಿಸಿಕೊಂಡು ಹೋದರೆ ಅಂತ ಹೆದರಿ ಬಂದಿದ್ದ. ಹಾಲ್‌ನ ಬಾಗಿಲ ಹೊರಗೆ, ಹುಣಸೆಮರದ ಕೆಳಗಿನ ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿದ.

"ಎಷ್ಟೊತ್ಲಾ ಆಗ್ತದೆ ನಿನ್ನ ಆಟ?"

"ಬೇಗ ಆದ್ರೂ ಆಗ್ಬೋದು ಮಾವ. ಇಬ್ರಿಗೂ ಡ್ರಾ ಸಾಕು."

"ಹಂಗಂದ್ರೆ?"

"ಸಮ ಅಂತ ಒಪ್ಕೊಂಡು ಕೈ ಕುಲುಕೋದು."

"ಅಷ್ಟುಕ್ಕೆ ಭಾನುವಾರ ಹಾಳು ಮಾಡ್ಕೊಂಡು ಬಂದ್ವಾ? ಮನೇಲೇ ಕುಲುಕ್ಬೋದಿತ್ತಲ್ಲ."

ಬೋರ್ಡಿನ ಮೇಲಿದ್ದ ಕಾಯಿಗಳು ಆ ಊರಿನಲ್ಲೇ ಕಡೆದವು. ಅರಗಿನ ಬಣ್ಣ ಹೊಸದು, ಮುಟ್ಟಿದರೆ ನುಣುಪು. ತಿರುಗುವ ಯಂತ್ರದಲ್ಲಿ ಕುದುರೆಯ ತಲೆ ಬರುವುದಿಲ್ಲ. ಹಾಗಾಗಿ ಕುದುರೆಯೂ ದುಂಡಗೇ ಇತ್ತು. ತುದಿಯನ್ನು ಓರೆಯಾಗಿ ಕೊಯ್ದು ಎರಡು ಕಣ್ಣು ಇಟ್ಟಿದ್ದರು. ನೋಡಲು ನಗು ಬರುವ ಹಾಗಿತ್ತು. ನನ್ನ ಸುಲಿದ ಬೆರಳಿಗೆ ಆ ನುಣುಪು ಹಿತವಾಯಿತು. ಅವನಿಗೆ ಬಿಳಿ, ನನಗೆ ಕಪ್ಪು. ಅದೊಂದೇ ಸ್ವಲ್ಪ ಅಳುಕು.

ಹತ್ತಿಪ್ಪತ್ತು ನಿಮಿಷ ಇಬ್ಬರೂ ಗೊತ್ತಿದ್ದ ನಡೆಗಳನ್ನೇ ಆಡಿದೆವು. ಎರಡು ಕಡೆಯೂ ಏನೂ ಕೆಟ್ಟಿರಲಿಲ್ಲ. ಅವನು ಒಂಟೆ ನಡೆಸಿ, ಗಡಿಯಾರ ಒತ್ತುವ ಮೊದಲು, ಬೋರ್ಡಿನ ಮೇಲೆ ಬಾಗಿ ಪಿಸುಗುಟ್ಟಿದ.

"ಡ್ರಾ ಮಾಡ್ಕೊಳನೇನ್ಲಾ?"

ಬಂತಲ್ಲ. ನನಗೆ ಬೇಕಾಗಿದ್ದದ್ದು ಅದೇ. ಒಂದು ಕೈ ಮುಂದೆ ಚಾಚಿದರೆ ಮುಗಿಯುತ್ತಿತ್ತು. ನಾನು ಗೋಡೆ ನೋಡಿದೆ, ಫ್ಯಾನು ನೋಡಿದೆ, ಮಾರ್ಕೆಟ್ಟಿನ ರೈತ ಆಕಾಶ ನೋಡುವ ಹಾಗೆ. ಆಮೇಲೆ ಬಾಯಿ ತಾನಾಗಿ ಹೇಳಿತು.

"ಆಡು, ನೋಡಣ."

ಯೋಚನೆ ಮಾಡಿ ಹೇಳಿದ ಮಾತಲ್ಲ ಅದು. ಗೆಲ್ಲುವ ಆಸೆಯಿಂದ ಹೇಳಿದ್ದೂ ಅಲ್ಲ, ಗೆದ್ದರೆ ನನಗೆ ಹೆಚ್ಚಿಗೆ ಸಿಗುವುದೇನೂ ಇರಲಿಲ್ಲ. "ಕಾಪಿ ಬ್ಯಾಡಿ, ಈಗ್ತಾನೆ ಆಯ್ತು" ಅಂದ ಹಾಗೆ. ಇನ್ನೊಂದು ಸಲ ಕೇಳುತ್ತಾನೆ, ಆಗ ಒಸಿ ಬಿಗಿಯಾಗಿಯೇ ಒಪ್ಪಿಕೊಂಡರಾಯಿತು ಅನ್ನುವುದು ನನ್ನ ರಕ್ತದಲ್ಲಿತ್ತು. ಅವನೂ ನಮ್ಮವನೇ, ನಮ್ಮ ಕಡೆಯ ಮನೆಗಳಲ್ಲಿ ಕಾಫಿ ಕುಡಿದು ಬೆಳೆದವನೇ.

ಆದರೆ ಚೆಸ್ಸಿನ ರಿವಾಜು ಬೇರೆ. ಒಬ್ಬ ಡ್ರಾ ಕೇಳಿ ಇನ್ನೊಬ್ಬ ಬೇಡ ಅಂದರೆ, ಕೇಳಿದವನು ಮತ್ತೆ ಕೇಳಬಾರದು. ಬೇಕಾದರೆ ಬೇಡ ಅಂದವನೇ ಕೇಳಬೇಕು. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು. ತಲೆಯಲ್ಲಿ ಒಂದು ರಿವಾಜು ಇತ್ತು, ನಾಲಿಗೆಯಲ್ಲಿ ಇನ್ನೊಂದು. ನಾಲಿಗೆಯೇ ಮೊದಲು ಆಡಿತು.

ಅವನ ಮುಖ ನೋಡಿದೆ. ಕಿವಿ ಕೆಂಪಾಗಿತ್ತು. ಇವನು ತನ್ನನ್ನು ಸೋಲಿಸಿ ಒಬ್ಬನೇ ಮೆರೆಯಬೇಕು ಅಂತ ಕೂತಿದ್ದಾನೆ ಅಂತ ಅವನಿಗೆ ಅನ್ನಿಸಿರಬೇಕು. ಕುರ್ಚಿಯನ್ನು ಒಂದಿಷ್ಟು ಹತ್ತಿರ ಎಳೆದುಕೊಂಡು, ಎರಡೂ ಮೊಣಕೈಯನ್ನು ಮೇಜಿನ ಮೇಲೆ ಊರಿದ.

ನಾನು ಕಾದೆ. ಒಂದು ನಡೆ ಆಡಿ ಅವನ ತುಟಿ ನೋಡುವುದು, ಇನ್ನೊಂದು ನಡೆ ಆಡಿ ಮತ್ತೆ ತುಟಿ ನೋಡುವುದು. ಕಾಯಿಗಳನ್ನು ನೋಡಬೇಕಾದವನು ತುಟಿ ನೋಡುತ್ತ ಕೂತರೆ ಏನಾಗುತ್ತದೋ ಅದೇ ಆಯಿತು. ಅವನ ಕಾಲಾಳು ಒಂದು ನನ್ನ ರಾಜನ ಕಡೆ ಬಂದು ನಿಂತದ್ದನ್ನು ತಡವಾಗಿ ಗಮನಿಸಿದೆ. ತಡೆಯಲು ಹೋಗಿ ಒಂಟೆಯನ್ನು ಕೆಟ್ಟ ಮನೆಗೆ ಹಾಕಿದೆ. ಇಬ್ಬರ ಮಂತ್ರಿಗಳೂ ಹೋದವು. ಹೋಗುವಾಗ ನನ್ನ ಒಂದು ಕಾಲಾಳನ್ನೂ ಜೊತೆಗೆ ಕರೆದುಕೊಂಡು ಹೋದವು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬೋರ್ಡಿನ ಮೇಲೆ ಬಿದ್ದಾಗ ನನ್ನ ಸ್ಥಿತಿ ಕೆಟ್ಟಿದೆ ಅನ್ನುವುದು ದೂರ ನಿಂತು ನೋಡುವವರಿಗೂ ಗೊತ್ತಾಗುವಂತಿತ್ತು. ಕನಕಪುರದವನು ತನ್ನ ಆಟ ಮುಗಿಸಿ ನಮ್ಮ ಮೇಜಿನ ಪಕ್ಕ ನಿಂತಿದ್ದ. ಕೈ ಕಟ್ಟಿಕೊಂಡು, ಮದುವೆ ಊಟಕ್ಕೆ ಎರಡನೇ ಪಂಕ್ತಿಗೆ ಕಾಯುವವನ ಹಾಗೆ.

ಇಲ್ಲಿ ಒಂದು ಮಾತು ಹೇಳುತ್ತೇನೆ, ವ್ಯಾಪಾರ ಮಾಡುವವರು ಕೇಳಿಸಿಕೊಳ್ಳಿ. ಬೆಲೆ ಇಳಿಯುತ್ತಿದೆ ಅಂತ ಗೊತ್ತಾದ ಕ್ಷಣವೇ ಮಾರಿಬಿಡಬೇಕು. ಇನ್ನೊಂದು ಗಳಿಗೆ ನೋಡೋಣ ಅಂತ ಕೂತವನ ಗೂಡಿನಿಂದ ಚಿಟ್ಟೆ ಆಚೆ ಬಂದುಬಿಡುತ್ತದೆ. ಉಳಿಯುವುದು ತೂತು ಬಿದ್ದ ಗೂಡು. ಇದನ್ನು ನಾನು ಎಷ್ಟೋ ರೈತರಿಗೆ ಹೇಳಿದ್ದೇನೆ. ಆ ದಿನ ನನಗೆ ನಾನೇ ಹೇಳಿಕೊಳ್ಳಲಿಲ್ಲ. ಸ್ಥಿತಿ ಸಮವಿದ್ದಾಗ ಬಾಯಿಬಿಟ್ಟು ಕೇಳಿದ್ದರೆ ಕೊಡುತ್ತಿದ್ದನೋ ಏನೋ. ನಾನಾಗಿ ಕೇಳಿದರೆ ಬಿದ್ದುಹೋದೆ ಅಂತ ತೋರಿಸಿಕೊಂಡ ಹಾಗೆ ಅಂತ ಸುಮ್ಮನಿದ್ದೆ. ಪೂರಾ ಬಿದ್ದ ಮೇಲೆ ಕೇಳಿದೆ.

"ಡ್ರಾ?"

ಅವನು ತಲೆ ಎತ್ತಲಿಲ್ಲ.

"ಆಡು, ನೋಡಣ."

ನನ್ನದೇ ಮಾತು, ನನ್ನದೇ ಧಾಟಿ. ಕನಕಪುರದವನು ಕೆಮ್ಮಿದ.

ಈಗ ಹೇಳುವುದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಅವನು ಹಾಗಂದಾಗ ನನಗೆ ಸಣ್ಣದೊಂದು ಸಮಾಧಾನ ಆಯಿತು. ಮೊದಲ ಸಲಕ್ಕೆ ಯಾರು ಒಪ್ಪುತ್ತಾರೆ, ಇವನೂ ರಿವಾಜು ಪಾಲಿಸುತ್ತಿದ್ದಾನೆ ಅಂದುಕೊಂಡೆ. ಒಂದು ನಡೆ ಆಡಿ ಮತ್ತೆ ಕೇಳಿದೆ.

"ಡ್ರಾ ಮಾಡ್ಕೊಳಣ ಕಣ್ಲಾ."

ಅವನು ಗಡಿಯಾರ ನಿಲ್ಲಿಸಿ ಕೈ ಎತ್ತಿದ. ತೀರ್ಪುಗಾರರು ಬಂದರು. ರೆವಿನ್ಯೂ ಇಲಾಖೆಯಿಂದ ನಿವೃತ್ತರಾದ ಹಿರಿಯರು, ಮೃದು ಮಾತಿನವರು.

"ಏನಪ್ಪಾ?"

"ಪದೇ ಪದೇ ಕೇಳ್ತಾವ್ನೆ ಸಾರ್. ಯೋಚ್ನೆ ಮಾಡಕ್ ಬುಡ್ತಿಲ್ಲ."

ತೀರ್ಪುಗಾರರು ನನ್ನ ಕಡೆ ತಿರುಗಿದರು. "ಒಂದು ಸಲ ಕೇಳಿ ಆಯ್ತಲ್ಲಪ್ಪಾ. ಇನ್ನು ಅವರು ಕೇಳೋ ತನಕ ನೀನು ಬಾಯಿ ಬಿಡೋ ಹಾಗಿಲ್ಲ. ಇನ್ನೊಂದು ಸಲ ಆದ್ರೆ ನಾನು ಏನಾದ್ರೂ ಕ್ರಮ ತಗೋಬೇಕಾಗ್ತದೆ. ಇದು ಸಂತೆ ಅಲ್ಲ."

"ಆಯ್ತು ಸಾರ್" ಅಂದೆ. ಬೆರಳುಗಳನ್ನು ತೊಡೆಯ ಕೆಳಗೆ ಅಡಗಿಸಿಕೊಂಡೆ. ಯಾಕೋ, ಆ ಹೊತ್ತಿನಲ್ಲಿ ನನ್ನ ಮೈಯಿಂದ ಹುಳದ ವಾಸನೆ ಬರುತ್ತಿರಬೇಕು ಅನ್ನಿಸಿತು.

ಮುಖ ತೊಳೆಯಲು ಹೊರಗೆ ಹೋದೆ. ಮಾವ ಕಟ್ಟೆಯ ಮೇಲೆ ಟವೆಲ್ ಹಾಸಿಕೊಂಡು ಮಲಗಿದ್ದವನು ಎದ್ದು ಕೂತ.

"ಕುಲುಕುದ್ರಾ?"

"ಇಲ್ಲ ಮಾವ."

"ಯಾಕ್ಲಾ, ಅವ್ನು ಕೇಳ್ಲಿಲ್ವಾ?"

"ಕೇಳ್ದ. ಮೊದ್ಲೇ ಕೇಳ್ದ. ನಾನು ನೋಡಣ ಅಂದೆ."

"ಸರಿಯಾಗೇ ಅಂದಿದ್ದೀಯ. ಆಮ್ಯಾಲೆ?"

"ಆಮೇಲೆ ಕೇಳ್ಲಿಲ್ಲ."

ಮಾವ ಬೀಡಿಯನ್ನು ಬಾಯಿಂದ ತೆಗೆದ. "ಎಲ್ಡನೇ ಸಲ ಕೇಳ್ಲೇ ಇಲ್ವಾ?"

"ಇಲ್ಲ."

"ಎಂಥಾ ಮರ್ಯಾದೆ ಇಲ್ದೋನ್ಲಾ ಅವ್ನು. ಕುದೂರು ಕಡೆಯೋರು ಹಿಂಗಲ್ವಲ್ಲ. ಅವ್ರಪ್ಪ ಗೂಡು ತರ್ತಿದ್ದ ಮಾರ್ಕೆಟ್‌ಗೆ, ನಾಕ್ ನಾಕ್ ಸಲ ಕೇಳಿಸ್ಕೊತಿದ್ದ."

ಇಡೀ ಚನ್ನಪಟ್ಟಣದಲ್ಲಿ ನನ್ನ ಪರ ಇದ್ದವನು ಅವನೊಬ್ಬ. ನಲ್ಲಿಯಲ್ಲಿ ನೀರು ಬರಲಿಲ್ಲ. ಒಣ ಮುಖದಲ್ಲೇ ವಾಪಸ್ಸು ಬಂದೆ.

ಆಟದಲ್ಲಿ ಇನ್ನೇನೂ ಉಳಿದಿರಲಿಲ್ಲ. ಒಂದೊಂದಾಗಿ ನನ್ನ ಕಾಲಾಳುಗಳು ಹೋದವು. ಕೊನೆಗೆ ನನ್ನ ಹತ್ತಿರ ರಾಜ ಮತ್ತು ಒಂದು ಆನೆ. ಅವನ ಹತ್ತಿರ ರಾಜ, ಆನೆ, ಕುದುರೆ, ಎರಡು ಕಾಲಾಳು. ನನ್ನ ರಾಜ ಮೂಲೆಯ ಮನೆಯಲ್ಲಿ ಸಿಕ್ಕಿಕೊಂಡಿದ್ದ. ಸುತ್ತ ಇದ್ದ ಮೂರು ಮನೆಗಳಲ್ಲಿ ಒಂದನ್ನು ಅವನ ಕಾಲಾಳು ಕಾಯುತ್ತಿತ್ತು, ಎರಡನ್ನು ಆ ದುಂಡು ಕುದುರೆ. ಅವನ ಆನೆ ಕೊನೆಯ ಸಾಲಿಗೆ ಬಂದರೆ ಕಥೆ ಮುಗಿಯಿತು. ಮುಂದಿನ ನಡೆಗೇ ಬರುತ್ತಿತ್ತು.

ಆಗ ನನಗೆ ಕಾಣಿಸಿತು. ಚೆಸ್ಸಿನಲ್ಲಿ ಒಂದು ನಿಯಮ ಇದೆ. ನಿಮ್ಮ ರಾಜನಿಗೆ ಚೆಕ್ ಇಲ್ಲ, ಆದರೆ ನಿಮಗೆ ಆಡಲು ಒಂದು ನಡೆಯೂ ಇಲ್ಲ ಅಂತಾದರೆ ಅದು ಸೋಲಲ್ಲ, ಡ್ರಾ. ನನ್ನ ರಾಜ ಅಲ್ಲಾಡುವ ಹಾಗಿಲ್ಲ, ಕಾಲಾಳುಗಳು ಇಲ್ಲ. ಅಲ್ಲಾಡುವುದು ಆನೆಯೊಂದೇ. ಆ ಆನೆ ಸತ್ತರೆ ನಾನು ಬದುಕಿದೆ. ಹುಚ್ಚಾನೆಯ ಹಾಗೆ ಅವನ ರಾಜನ ಮೈಮೇಲೆ ಬೀಳಬೇಕು, ಚೆಕ್ ಕೊಡಬೇಕು, ಅವನು ಹೊಡೆಯುವ ತನಕ ಕೊಡುತ್ತಲೇ ಇರಬೇಕು.

ಆನೆಯನ್ನು ಎತ್ತಿ ಅವನ ರಾಜನ ಪಕ್ಕದಲ್ಲೇ ಇಟ್ಟೆ. ಕಾವಲಿಲ್ಲದ ಆನೆ, ಬಿಟ್ಟಿ ಊಟ. "ಚೆಕ್" ಅಂದೆ.

ಅವನ ಕೈ ರಾಜನ ಕಡೆ ಬಂತು. ಬೆರಳುಗಳು ರಾಜನ ತಲೆಯ ಮೇಲೆ, ಮುಟ್ಟಿದವೋ ಇಲ್ಲವೋ ಅನ್ನುವಷ್ಟು ಹತ್ತಿರ. ಹೊಡಿ, ನನ್ನಪ್ಪ, ಹೊಡಿ. ಮನಸ್ಸಿನಲ್ಲಿ ನಮ್ಮೂರ ದೇವರನ್ನೂ, ಸಾವನದುರ್ಗದ ದೇವರನ್ನೂ, ಅವನ ಊರಿನ ದೇವರನ್ನೂ ಕರೆದೆ. ಕೈ ನಿಂತಿತು. ಹಿಂದೆ ಹೋಯಿತು. ಅವನು ನಿಧಾನಕ್ಕೆ ತಲೆ ಎತ್ತಿ ನನ್ನನ್ನು ನೋಡಿ, ಅಂದಿನ ಆಟದಲ್ಲಿ ಮೊದಲ ಸಲ ಒಂದಿಷ್ಟು ನಕ್ಕ.

"ಬದ್ಮಾಸ್" ಅಂದ, ಬರೀ ಉಸಿರಿನಲ್ಲಿ.

ರಾಜನನ್ನು ಪಕ್ಕಕ್ಕೆ ಸರಿಸಿದ. ನಾನು ಮತ್ತೆ ಚೆಕ್ ಕೊಟ್ಟೆ. ಅವನು ಮತ್ತೆ ಸರಿದ. ಅಟ್ಟಿಸಿಕೊಂಡು ಹೋದೆ. ಒಂದೇ ಸ್ಥಿತಿ ಮೂರು ಸಲ ಬಂದರೆ ಅದೂ ಡ್ರಾ. ಮೂರು ಸಲ ಕೇಳುವ ಮರ್ಯಾದೆ ಇಡೀ ಚೆಸ್ಸಿನಲ್ಲಿ ಇರುವುದು ಅದೊಂದು ಕಡೆ. ಅದು ಅವನಿಗೂ ಗೊತ್ತಿತ್ತು. ಹೋದ ಮನೆಗೆ ಮತ್ತೆ ಹೋಗದ ಹಾಗೆ, ಬಿಸಿಲಿನಲ್ಲಿ ಬರಿಗಾಲಲ್ಲಿ ನಡೆಯುವವನು ನೆರಳು ಹುಡುಕುವ ಹಾಗೆ, ಅವನ ರಾಜ ಬೋರ್ಡಿನ ಈ ತುದಿಯಿಂದ ಆ ತುದಿಗೆ ನಡೆದ. ನನ್ನ ಆನೆ ಹಿಂದೆಯೇ. ಮೇಜಿನ ಸುತ್ತ ಜನ ಸೇರಿದರು. ಯಾರೋ ಹಿಂದಿನಿಂದ "ಹೊಡೀಬಾರ್ದು, ಹೊಡುದ್ರೆ ಡ್ರಾ" ಅಂತ ಪಕ್ಕದವನಿಗೆ ವಿವರಿಸಿದ್ದು ಕೇಳಿಸಿತು. ತೀರ್ಪುಗಾರರು ತುಟಿಯ ಮೇಲೆ ಬೆರಳಿಟ್ಟು ಅವನನ್ನು ದುರುಗುಟ್ಟಿ ನೋಡಿದರು.

ಅಷ್ಟು ಹೊತ್ತೂ ನಾನು ಬದುಕಿದ್ದೆ. ಇನ್ನೊಂದು ಚೆಕ್ ಸಿಕ್ಕರೆ ಸಾಕು ಅನ್ನುವುದೇ ಉಸಿರಾಗಿತ್ತು. ಒಂದೊಂದು ಸಲವೂ ಸಿಗುತ್ತಿತ್ತು. ಅವನ ಹಣೆಯ ಮೇಲೆ ಬೆವರು ನೋಡಿದೆ, ಅವನ ಗಡಿಯಾರದಲ್ಲಿ ಸಮಯ ಕರಗುವುದನ್ನು ನೋಡಿದೆ. ಅವನಿಗೂ ಭಯ ಆಗಿರಬೇಕು. ಕೇಳೋ, ಈಗಲಾದರೂ ಇನ್ನೊಂದು ಸಲ ಕೇಳೋ, ಒಂದೇ ಸಲಕ್ಕೆ ಒಪ್ಪಿಕೊಳ್ಳುತ್ತೇನೆ ಅಂತ ಕಣ್ಣಲ್ಲೇ ಅವನಿಗೆ ಹೇಳಿದೆ. ಬಾಯಿ ಬಿಡುವ ಹಾಗಿರಲಿಲ್ಲ.

ಅವನು ಕೇಳಲಿಲ್ಲ. ರಾಜನನ್ನು ತನ್ನ ಕುದುರೆಯ ಕಡೆ ನಡೆಸಿಕೊಂಡು ಬಂದ. ಅದು ಯಾಕೆ ಅಂತ ನನಗೆ ಗೊತ್ತಾದಾಗ ಹಿಂದೆ ತಿರುಗಲು ದಾರಿ ಇರಲಿಲ್ಲ. ಒಂದು ಕಡೆ ಅವನದೇ ಕಾಲಾಳು ಅಡ್ಡ, ಇನ್ನೊಂದು ಕಡೆ ಅವನ ಆನೆ. ನನಗೆ ಚೆಕ್ ಕೊಡಲು ಉಳಿದದ್ದು ಒಂದೇ ಮನೆ, ಆ ಮನೆಯನ್ನು ಕುದುರೆ ಕಾಯುತ್ತಿತ್ತು. ಕುದುರೆ ಬಂದು ನನ್ನ ಆನೆಯನ್ನು ಹೊಡೆದರೆ ಅದು ತನ್ನ ಜಾಗ ಬಿಟ್ಟು ಬರುತ್ತದೆ. ಆಗ ನನ್ನ ರಾಜನಿಗೆ ಹೆಜ್ಜೆ ಇಡಲು ಎರಡು ಮನೆ ಖಾಲಿಯಾಗುತ್ತದೆ. ನಡೆ ಇದೆ ಅಂದ ಮೇಲೆ ಡ್ರಾ ಇಲ್ಲ.

ಅಂಥ ವಿಚಿತ್ರ ಇನ್ನೆಲ್ಲಿದೆ ಹೇಳಿ. ನನ್ನನ್ನು ಉಸಿರು ಕಟ್ಟಿಸಿ ಹಿಡಿದಿದ್ದೇ ನನ್ನನ್ನು ಕಾಪಾಡುತ್ತಿತ್ತು. ಒಸಿ ಗಾಳಿ ಬಿಟ್ಟು ನನ್ನನ್ನು ಕೊಂದ.

ಚೆಕ್ ಕೊಟ್ಟೆ. ಕೊಡದೆ ಬೇರೆ ಏನೂ ಇರಲಿಲ್ಲ. ಎರಡು ಚುಕ್ಕೆ ಕಣ್ಣಿನ ಆ ಕುದುರೆ ಬಂದು ಆನೆಯ ಜಾಗದಲ್ಲಿ ಕೂತಿತು. ನನ್ನ ರಾಜನನ್ನು ಖಾಲಿ ಮನೆಗೆ ಒಂದು ಹೆಜ್ಜೆ ಇಡಿಸಿದೆ, ಸುಮ್ಮನೆ, ಅವನಾದರೂ ಒಂದು ಸಲ ಆಚೆ ಬರಲಿ ಅಂತ. ಆಮೇಲೆ ಕೈ ಚಾಚಿದೆ. ಬೆಳಿಗ್ಗೆ ಚಾಚಬೇಕಾಗಿದ್ದ ಕೈ.

ಅವನು ಕೈ ಹಿಡಿದುಕೊಂಡು ಬಿಡಲಿಲ್ಲ.

"ಬೆಳಗ್ಗೆ ಯಾಕ್ಲಾ ಒಪ್ಕೊಳ್ಳಿಲ್ಲ?"

"ಇನ್ನೊಂದ್ ಸಲ ಕೇಳ್ತೀಯ ಅಂತ."

"ಥೂ, ನಾನೇನ್ ಕಾಪಿ ಕೊಡ್ತಿದ್ನೇನ್ಲಾ" ಅಂದ. ಬೈದ ಹಾಗಿತ್ತು, ಆದರೆ ಅವನ ಕಣ್ಣು ನನ್ನ ಬೆರಳಿನ ಮೇಲಿತ್ತು. ಕೆಲಸದ ಸುದ್ದಿ ಅವನಿಗೂ ಗೊತ್ತಿತ್ತು. ಇನ್ನೇನೋ ಹೇಳಲು ಹೊರಟ. ಅಷ್ಟರಲ್ಲಿ ಕನಕಪುರದವನು ಬಂದು ಅವನ ಬೆನ್ನು ತಟ್ಟಿ, ರಾಜ್ಯ ಮಟ್ಟಕ್ಕೆ ಯಾವ ಬಸ್ಸಿಗೆ ಹೋಗೋಣ ಅಂತ ಕೇಳಿದ.

ರಾಮನಗರದ ಬಸ್ಸಿನಲ್ಲಿ ಮಾವ ಕಿಟಕಿಯ ಪಕ್ಕ ಕೂತ, ನಾನು ಅವನ ಪಕ್ಕ. ನಾನು ಬೆರಳಿನ ಸುಲಿದ ಚರ್ಮ ಕೀಳುತ್ತ ಕೂತಿದ್ದೆ. ಅವನಿಗೆ ನನ್ನ ಮೇಲೆ ಕನಿಕರ ಬಂದಿರಬೇಕು, ಅಕ್ಕನ ಮಗ ಅಲ್ಲವೇ.

"ಅಳಿಯ, ಬೇಜಾರ್ ಮಾಡ್ಕೊಬ್ಯಾಡ ಕಣ್ಲಾ. ಬೇಸಿನ್ ಕೆಲ್ಸ ಬುಟ್ಬುಡು. ನಾಳಿಂದ ನನ್ ಜೊತೆ ಮಾರ್ಕೆಟ್‌ಗೆ ಬಾ, ಗೂಡು ನೋಡಿ ಬೆಲೆ ಕೂಗು. ನಿಂಗೆ ಅದು ಒಪ್ತದೆ."

ಬಸ್ಸಿನ ಸದ್ದಿನಲ್ಲಿ ಸರಿಯಾಗಿ ಕೇಳಿಸಿತೇ ಅಂತ ಅವನ ಮುಖ ನೋಡಿದೆ. ಅಷ್ಟೇ ತಾನೇ ನನಗೆ ಬೇಕಾಗಿದ್ದದ್ದು, ನೀರಿನಿಂದ ಕೈ ಆಚೆ. ಕಾರ್ಖಾನೆಯೇ ಆಗಬೇಕು ಅಂತೇನಿರಲಿಲ್ಲ. ಬೆಳಿಗ್ಗೆ ಕಲಿತ ಪಾಠ ಇನ್ನೂ ಬಿಸಿಯಾಗಿತ್ತು. ಈ ಸಲ ಗೋಡೆ ನೋಡಲಿಲ್ಲ, ಆಕಾಶ ನೋಡಲಿಲ್ಲ.

"ಆಯ್ತು ಮಾವ. ಬತ್ತೀನಿ."

ಮಾವ ಬೆಚ್ಚಿದ. ನಿಜವಾಗಿ ಬೆಚ್ಚಿದ. ನಾನು "ಬ್ಯಾಡ ಬುಡು ಮಾವ, ಬೇಸಿನ್‌ಗೆ ಯಾರವ್ರೆ" ಅನ್ನಬೇಕಿತ್ತು. ಅವನು "ಅದ್ಯಾಕ್ಲಾ ಹಂಗಂತೀಯ" ಅನ್ನಬೇಕಿತ್ತು. ಹಾಗೆ ಎರಡು ಮೂರು ಸಲ ಆಡಿ ಇಬ್ಬರೂ ಸಮಾಧಾನ ಮಾಡಿಕೊಂಡು, ಕೊನೆಗೆ ಆಗುವುದೋ ಬಿಡುವುದೋ ಆಗಬೇಕಿತ್ತು. ನಾನು ಕೈ ಚಾಚಿಬಿಟ್ಟಿದ್ದೆ. ಅವನು ಕಿಟಕಿಯ ಕಡೆ ತಿರುಗಿ ಹೊರಗಿನ ಬಂಡೆಗಳನ್ನು ನೋಡತೊಡಗಿದ. ಊರು ಹತ್ತಿರ ಬಂದಾಗ, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತ ಹೇಳಿದ.

"ಯಾವ್ದುಕ್ಕೂ ನಿಮ್ಮತ್ತೇನೂ ಒಂದ್ ಮಾತು ಕೇಳಣ. ಒಸಿ ದಿನ ಹೋಗ್ಲಿ."

ಸೋಮವಾರ ಬೆಳಿಗ್ಗೆ ಬೇಸಿನ್ ಮುಂದೆ ಕೂತೆ. ಹೊಸ ಲಾಟಿನ ಗೂಡುಗಳು ಬೆಂದು ಬಂದಿದ್ದವು. ನೀರು ಆವಿಯಾಡುತ್ತಿತ್ತು. ಒಂದು ದಿನ ಒಣಗಿದ್ದ ಬೆರಳಿಗೆ ಮೊದಲ ಸಲ ನೀರು ಮುಟ್ಟಿದಾಗ ಆಗುವ ಉರಿ ಆಗಿ, ಆಮೇಲೆ ಮರಗಟ್ಟಿತು. ಎಳೆ ಹುಡುಕಿ ರಾಟೆಗೆ ಕೊಟ್ಟೆ.

ಮಾವ ಮಾರ್ಕೆಟ್‌ಗೆ ಹೊರಟು ಶೆಡ್ಡಿನ ಬಾಗಿಲಲ್ಲಿ ನಿಂತ. ಬಿಳಿ ಷರಟು, ಜೇಬಿನಲ್ಲಿ ಪೆನ್ನು. ನನ್ನ ಕಡೆ ನೋಡಿದ. ನಾನೂ ತಲೆ ಎತ್ತಿ ಅವನ ತುಟಿ ನೋಡಿದೆ. ಎರಡನೇ ಸಲ ಕೇಳುತ್ತಾನೇನೋ.

"ನೀರು ಕಂದಾಗೈತೆ," ಅಂದ. "ಬದ್ಲಾಯ್ಸು."